ಗಿಡ ಬದಲಾಯಿಸ್ತಾರೆ, ಜಾಗ ಬದಲಾಯಿಸಲ್ಲ

ಆಫೀಸಿನಲ್ಲಿ ಗಿಡ ಇಟ್ಟರೆ ಗಾಳಿ ಶುದ್ಧವಾಗುತ್ತದೆ ಎಂಬ ಮಾತನ್ನು ಇಪ್ಪತ್ತು ವರ್ಷಗಳಿಂದ ಕೇಳುತ್ತಿದ್ದೇನೆ. ನರ್ಸರಿಯವರು ಹೇಳುತ್ತಾರೆ. ಒಳಾಂಗಣ ವಿನ್ಯಾಸ ಮಾಡುವವರು ಹೇಳುತ್ತಾರೆ. ಹೊಸ ಕಟ್ಟಡಕ್ಕೆ ಕಚೇರಿ ಸ್ಥಳಾಂತರವಾದ ದಿನ ಎಚ್.ಆರ್. ವಿಭಾಗದಿಂದ ಬರುವ ಇಮೇಲ್ ಹೇಳುತ್ತದೆ. ಭಾನುವಾರದ ಪುರವಣಿಗಳಂತೂ ‘ಆಮ್ಲಜನಕ ಕೊಡುವ ಹತ್ತು ಗಿಡಗಳು’ ಎಂದು ಬಣ್ಣದ ಚಿತ್ರ ಹಾಕಿ ವರ್ಷಕ್ಕೆರಡು ಸಲ ನೆನಪಿಸುತ್ತವೆ. ಈ ಮಾತು ಸುಳ್ಳು. ನಿರುಪದ್ರವಿ ಸುಳ್ಳಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಮನೆಗೆ ಬಂದ ಮಗುವನ್ನು ಜಾಣ ಎಂದು ಹೊಗಳುವ ಹಾಗೆ, ಹೇಳಿಕೊಳ್ಳಲಿ ಬಿಡಿ ಎನ್ನಬಹುದಿತ್ತು. ಆದರೆ ಈ ಸುಳ್ಳಿನಿಂದ ಕೆಲವರಿಗೆ ಲಾಭವಿದೆ, ಹಲವರಿಗೆ ನಷ್ಟವಿದೆ. ನಷ್ಟವಾಗುವವರು ಮೂವರು: ಕುಂಡದಲ್ಲಿರುವ ಗಿಡ, ಅದರ ಪಕ್ಕ ಕೂತು ದುಡಿಯುವ ನೌಕರ, ಅದಕ್ಕೆ ನೀರು ಹಾಕುವ ಹೆಂಗಸು.

ಮೊದಲೇ ಹೇಳಿಬಿಡುತ್ತೇನೆ, ನನಗೆ ಗಿಡಗಳೆಂದರೆ ಪ್ರಾಣ. ಈ ಜಗಳ ಗಿಡಗಳ ಪರವಾಗಿ.

ಮಾತಿನ ಮೂಲಕ್ಕೆ ಹೋಗೋಣ. 1989ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಬಿ. ಸಿ. ವುಲ್ವರ್ಟನ್ ಎಂಬ ವಿಜ್ಞಾನಿ ಒಂದು ವರದಿ ಪ್ರಕಟಿಸಿದರು. ಗಗನನೌಕೆಯಂಥ ಬಿಗಿಯಾಗಿ ಮುಚ್ಚಿದ ಜಾಗದಲ್ಲಿ ಮನುಷ್ಯರು ತಿಂಗಳುಗಟ್ಟಲೆ ಇರಬೇಕಾದರೆ ಅಲ್ಲಿನ ಗಾಳಿಯನ್ನು ಹೇಗೆ ಶುಚಿ ಮಾಡುವುದು ಎಂಬುದು ಅವರ ಪ್ರಶ್ನೆ. ಪಾರದರ್ಶಕ ಪೆಟ್ಟಿಗೆಗಳೊಳಗೆ ಗಿಡ ಇಟ್ಟು, ಬೆಂಜೀನ್, ಫಾರ್ಮಾಲ್ಡಿಹೈಡ್, ಟ್ರೈಕ್ಲೋರೋಎಥಿಲೀನ್‌ಗಳನ್ನು ಒಳಗೆ ಬಿಟ್ಟು, ಗಂಟೆಗಳ ನಂತರ ಎಷ್ಟು ಉಳಿದಿದೆ ಎಂದು ಅಳೆದರು. ಕಡಿಮೆಯಾಗಿತ್ತು. ಅದರಲ್ಲಿ ಎಲೆಯ ಪಾಲಿನ ಜೊತೆಗೆ ಕುಂಡದ ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳ ಪಾಲೂ ಇದೆ ಎಂದು ಅವರೇ ಬರೆದರು. ಪ್ರಯೋಗ ಪ್ರಾಮಾಣಿಕವಾಗಿತ್ತು. ಈ ಕೆಲಸದಲ್ಲಿ ನಾಸಾದ ಜೊತೆಗಿದ್ದದ್ದು ಅಮೆರಿಕದ ಲ್ಯಾಂಡ್‌ಸ್ಕೇಪ್ ಗುತ್ತಿಗೆದಾರರ ಸಂಘ ಎಂಬುದನ್ನು ಮಾತ್ರ ನಮ್ಮ ಪುರವಣಿಗಳು ಬರೆಯುವುದಿಲ್ಲ.

ಮುಚ್ಚಿದ ಪೆಟ್ಟಿಗೆಯಲ್ಲಿ ಆದದ್ದು ಆಫೀಸಿನಲ್ಲಿ ಆಗಬೇಕೆಂದಿಲ್ಲ. ಆಫೀಸಿಗೆ ಬಾಗಿಲಿದೆ, ಎ.ಸಿ. ಕೊಳವೆಯಿದೆ, ಜನ ಓಡಾಡುತ್ತಾರೆ, ಕಾರ್ಪೆಟ್ಟು ಮತ್ತು ಪ್ಲೈವುಡ್ಡಿನಿಂದ ಹೊಸ ರಾಸಾಯನಿಕ ನಿರಂತರವಾಗಿ ಹೊರಬರುತ್ತಲೇ ಇರುತ್ತದೆ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಬ್ರಯಾನ್ ಕಮಿಂಗ್ಸ್ ಮತ್ತು ಮೈಕೆಲ್ ವೇರಿಂಗ್ ಅಲ್ಲಿಯವರೆಗಿನ ಇಂಥ ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿ 2019ರಲ್ಲಿ ಪ್ರಕಟಿಸಿದರು. ಸಾಮಾನ್ಯ ಕಟ್ಟಡವೊಂದರಲ್ಲಿ ಹೊರಗಿನ ಗಾಳಿ ಬಂದುಹೋಗುವುದರಿಂದಲೇ ಆಗುವಷ್ಟು ಶುದ್ಧೀಕರಣವನ್ನು ಗಿಡಗಳಿಂದ ಮಾಡಿಸಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು. ಕನಿಷ್ಠ ಲೆಕ್ಕವನ್ನೇ ಹಿಡಿಯೋಣ. ನಿಮ್ಮ ಮೇಜು, ಕುರ್ಚಿ, ಕಾಲು ಚಾಚುವ ಜಾಗ ಸೇರಿ ಐದು ಚದರ ಮೀಟರ್ ಎಂದುಕೊಂಡರೆ ಐವತ್ತು ಕುಂಡ. ನೀವೆಲ್ಲಿ ಕೂರುತ್ತೀರಿ?

ಆಮ್ಲಜನಕದ ಮಾತಿಗೂ ಒಂದು ಲೆಕ್ಕವಿದೆ, ಅದಕ್ಕೆ ಪ್ರಯೋಗಾಲಯವೂ ಬೇಡ. ಒಬ್ಬ ವಯಸ್ಕ ಮನುಷ್ಯ ದಿನಕ್ಕೆ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡನ್ನು ಉಸಿರಿನಲ್ಲಿ ಹೊರಬಿಡುತ್ತಾನೆ. ಎಂಟು ಗಂಟೆಯ ಪಾಳಿಗೆ ಮುನ್ನೂರು ಗ್ರಾಂ ಎನ್ನಿ. ಗಿಡ ಅದನ್ನು ಹೀರಿ ತನ್ನ ಮೈಯಾಗಿಸಿಕೊಳ್ಳುತ್ತದೆ. ಒಂದೂವರೆ ಗ್ರಾಂ ಅನಿಲಕ್ಕೆ ಸುಮಾರು ಒಂದು ಗ್ರಾಂ ಒಣ ತೂಕ ಬೆಳೆಯುತ್ತದೆ. ಹಾಗಾದರೆ ನಿಮ್ಮ ಒಂದು ದಿನದ ಉಸಿರನ್ನು ಜೀರ್ಣಿಸಿಕೊಳ್ಳಬೇಕಾದ ಗಿಡ ಅಂದೇ ಇನ್ನೂರು ಗ್ರಾಂ ಒಣ ತೂಕ, ಅಂದರೆ ಹಸಿಯಾಗಿ ಸುಮಾರು ಎರಡು ಕಿಲೋ ಬೆಳೆಯಬೇಕು. ಪ್ರತಿದಿನ! ನಿಮ್ಮ ಮೇಜಿನ ಮೇಲಿನ ಮನಿ ಪ್ಲಾಂಟ್ ತಿಂಗಳಿಗೆ ಎರಡು ಎಲೆ ಬಿಟ್ಟರೆ ನೀವು ಅದರ ಫೋಟೋ ತೆಗೆದು ಮನೆಯವರಿಗೆಲ್ಲ ಕಳಿಸುತ್ತೀರಿ.

ಇಲ್ಲಿ ದೆಹಲಿಯ ಕಮಲ್ ಮೀಟಲ್ ಅವರ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸುವವರಿದ್ದಾರೆ. 2009ರ ಅವರ ಟೆಡ್ ಭಾಷಣವನ್ನು ಲಕ್ಷಾಂತರ ಜನ ನೋಡಿದ್ದಾರೆ. ಅರೆಕಾ ಪಾಮ್, ಸ್ನೇಕ್ ಪ್ಲಾಂಟ್, ಮನಿ ಪ್ಲಾಂಟ್, ಈ ಮೂರು ಗಿಡ ಸಾಕು ಎಂಬುದು ಆ ಭಾಷಣದಿಂದ ಜನ ನೆನಪಿಟ್ಟುಕೊಂಡ ಮಾತು. ಆದರೆ ಅದೇ ಭಾಷಣದಲ್ಲಿ ಅವರು ಸಂಖ್ಯೆಗಳನ್ನೂ ಹೇಳಿದ್ದಾರೆ: ತಮ್ಮ ಕಟ್ಟಡದಲ್ಲಿ 300 ಜನರಿಗೆ 1200 ಗಿಡ, ಒಬ್ಬೊಬ್ಬರಿಗೂ ಹೆಗಲೆತ್ತರದ ನಾಲ್ಕು ಅರೆಕಾ, ಸೊಂಟದೆತ್ತರದ ಆರೆಂಟು ಸ್ನೇಕ್ ಪ್ಲಾಂಟ್. ಅದರ ಫಲಿತಾಂಶವನ್ನು ಒಪ್ಪುವುದು ಬಿಡುವುದು ಆಮೇಲೆ. ನೂರು ಜನರ ಕಚೇರಿಗೆ ಹನ್ನೆರಡು ಕುಂಡ ತರಿಸಿ ಆ ಭಾಷಣದ ಹೆಸರು ಹೇಳುವುದು, ಒಂದು ಚಮಚ ಸಾರು ಬಡಿಸಿ ಮದುವೆ ಊಟ ಹಾಕಿದೆ ಎಂದ ಹಾಗೆ.

ಸುಳ್ಳಿನ ಲಾಭ ಯಾರಿಗೆ? ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಚೇರಿಯೊಂದು ಬೆಂಗಳೂರಿನ ಗಾಜಿನ ಕಟ್ಟಡವೊಂದರ ಆರನೇ ಮಹಡಿಯಲ್ಲಿತ್ತು. ಒಂದು ಕಿಟಕಿಯೂ ತೆರೆಯುತ್ತಿರಲಿಲ್ಲ. ನಡುವಿನ ಮೀಟಿಂಗ್ ರೂಮಿನಲ್ಲಿ ಹನ್ನೆರಡು ಜನ ಕೂತರೆ ಅರ್ಧ ಗಂಟೆಯಲ್ಲಿ ಆಕಳಿಕೆ, ಒಂದು ಗಂಟೆಯಲ್ಲಿ ತಲೆನೋವು. ಹೊರಗಿನ ಗಾಳಿ ಎಳೆದುಕೊಳ್ಳುವ ವ್ಯವಸ್ಥೆಯನ್ನು ಕರೆಂಟು ಉಳಿಸಲು ತಗ್ಗಿಸಿಟ್ಟಿದ್ದಾರೆ ಎಂದು ಎ.ಸಿ. ರಿಪೇರಿಗೆ ಬಂದ ಹುಡುಗನೇ ಹೇಳಿದ. ನಾವು ಎಂಟು ಜನ ಸಹಿ ಹಾಕಿ ಅಡ್ಮಿನ್ ವಿಭಾಗಕ್ಕೆ ಬರೆದೆವು. ಮುಂದಿನ ಸೋಮವಾರ ಆ ರೂಮಿಗೆ ಎರಡು ಪೀಸ್ ಲಿಲಿ ಬಂದವು. ಕುಂಡಕ್ಕೊಂದು ಪುಟ್ಟ ಕಾರ್ಡು ಸಿಕ್ಕಿಸಿದ್ದರು: ‘ನಿರಾಳವಾಗಿ ಉಸಿರಾಡಿ’. ನಮ್ಮ ದೂರನ್ನು ‘ಪರಿಹರಿಸಲಾಗಿದೆ’ ಎಂದು ಮುಚ್ಚಿದರು. ತಲೆನೋವು ಹಾಗೇ ಇತ್ತು. ಈಗ ಅದರ ಬಗ್ಗೆ ಮಾತೆತ್ತಿದರೆ ಗಿಡ ಕೊಟ್ಟರೂ ಗೊಣಗುವವರು ಎಂಬ ಹೆಸರು ಬೇರೆ.

ನನ್ನ ತಕರಾರಿನ ಬೇರು ಇಲ್ಲಿದೆ. ಗಾಳಿಯಾಟ ಕೊಡಬೇಕಾದದ್ದು ಕಟ್ಟಡ. ಬೆಳಕು ಕೊಡಬೇಕಾದದ್ದು ಕಿಟಕಿ. ಇವೆರಡನ್ನೂ ಕಿತ್ತುಕೊಂಡು, ಅವುಗಳ ಕೆಲಸವನ್ನು ಮೂಲೆಯಲ್ಲಿ ನಿಂತ ಒಂದು ಬಡಪಾಯಿ ಗಿಡದ ತಲೆಗೆ ಕಟ್ಟುವುದು ಅನ್ಯಾಯ. ಅದು ಮಾಡಲಾರದು. ಮಾಡದಿದ್ದರೆ ಯಾರೂ ಕೇಳುವುದೂ ಇಲ್ಲ.

ಕೆಲವರು ಕೇಳುತ್ತಾರೆ: ಗಾಳಿ ಶುದ್ಧ ಮಾಡುವುದಿಲ್ಲ ಎಂದ ಮೇಲೆ ಗಿಡ ಯಾಕೆ, ಪ್ಲಾಸ್ಟಿಕ್ಕಿನದೇ ಇಟ್ಟರಾಯಿತಲ್ಲ, ಧೂಳು ಒರೆಸಿದರೆ ಸಾಕು. ಇವರನ್ನು ಕಂಡರೆ ನನಗೆ ಮೊದಲಿನವರಿಗಿಂತ ಹೆಚ್ಚು ಭಯ. ನಮ್ಮ ಮನೆಗಳ ಅಂಗಳದಲ್ಲಿ ತುಳಸಿ ಇತ್ತು, ಹಳೇ ಪೇಂಟ್ ಡಬ್ಬದಲ್ಲಿ ದೊಡ್ಡಪತ್ರೆ, ಬಚ್ಚಲ ನೀರು ಹರಿಯುವಲ್ಲಿ ಕೆಸು, ಬಾಳೆ. ತುಳಸಿಯಿಂದ ಮನೆಯವರ ಕಾರ್ಯಕ್ಷಮತೆ ಎಷ್ಟು ಹೆಚ್ಚಿತು ಎಂದು ಯಾವ ಅಜ್ಜಿಯೂ ಅಳೆಯಲಿಲ್ಲ. ಬೆಳಿಗ್ಗೆ ಎದ್ದು ನೀರು ಹಾಕುವುದು, ಒಣಗಿದ ಎಲೆ ಚಿವುಟುವುದು, ‘ಯಾಕೋ ಬಾಡಿದೆಯಲ್ಲ’ ಎಂದು ಒಂದು ಗಳಿಗೆ ನಿಲ್ಲುವುದು, ಇಷ್ಟೇ ಸಂಬಂಧ. ದಿನವಿಡೀ ಬದಲಾಗದ ಪರದೆಯನ್ನು ನೋಡುವ ಕಣ್ಣಿಗೆ, ಸುರುಳಿ ಬಿಚ್ಚುತ್ತಿರುವ ಒಂದು ಎಳೆ ಎಲೆ ಸಿಕ್ಕರೆ ಅದೇ ದೊಡ್ಡದು. ನಿನ್ನೆ ಇಲ್ಲದ್ದು ಇಂದು ಇದೆ. ಪ್ಲಾಸ್ಟಿಕ್ ಗಿಡಕ್ಕೆ ನಿನ್ನೆ ಎಂಬುದೇ ಇಲ್ಲ.

ಲಾಭದ ಭಾಷೆಯಲ್ಲೇ ಹೇಳಿದರೆ ಕೇಳುತ್ತೇವೆ ಎನ್ನುವವರಿಗೂ ಒಂದು ಮಾತು. ಇಂಗ್ಲೆಂಡಿನ ಎಕ್ಸಿಟರ್ ವಿಶ್ವವಿದ್ಯಾಲಯದ ಕ್ರೇಗ್ ನೈಟ್ ಮತ್ತು ಅಲೆಕ್ಸ್ ಹ್ಯಾಸ್ಲಂ 2010ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಬರಿದಾದ ಕೋಣೆಗಿಂತ ಗಿಡ ಮತ್ತು ಚಿತ್ರಗಳಿದ್ದ ಕೋಣೆಯಲ್ಲಿ ಜನ ಚೆನ್ನಾಗಿ ಕೆಲಸ ಮಾಡಿದರು. ಅದಕ್ಕಿಂತ ಚೆನ್ನಾಗಿ ಮಾಡಿದ್ದು, ಅದೇ ಗಿಡ ಅದೇ ಚಿತ್ರಗಳನ್ನು ತಮಗೆ ಬೇಕಾದ ಕಡೆ ತಾವೇ ಜೋಡಿಸಿಕೊಂಡವರು. ನಾಲ್ಕನೆಯ ಗುಂಪೊಂದಿತ್ತು: ಅವರು ಜೋಡಿಸಿಕೊಂಡ ಮೇಲೆ ಪ್ರಯೋಗ ಮಾಡುವವರು ಬಂದು ಎಲ್ಲವನ್ನೂ ತಮಗೆ ತೋಚಿದಂತೆ ಬದಲಾಯಿಸಿಬಿಟ್ಟರು. ಅವರ ಕೆಲಸ ಕುಸಿಯಿತು, ಗಿಡಗಳು ಕೋಣೆಯಲ್ಲೇ ಇದ್ದರೂ. ‘ಗಿಡದಿಂದ ಕೆಲಸ ಹೆಚ್ಚುತ್ತದೆ’ ಎಂಬ ಶೀರ್ಷಿಕೆ ಮಾತ್ರ ನಮ್ಮ ಎಚ್.ಆರ್. ವಿಭಾಗಗಳಿಗೆ ತಲುಪಿತು. ಕುಂಡವನ್ನು ಒಂದಡಿ ಕಿಟಕಿಯ ಕಡೆ ಸರಿಸಿದರೆ ಸೆಕ್ಯುರಿಟಿಯವನು ಬಂದು ‘ಸಾರ್, ಲೇಔಟ್ ಪ್ರಕಾರ ಇಲ್ಲೇ ಇರಬೇಕು’ ಎನ್ನುವ ಕಚೇರಿಗಳಲ್ಲಿ ನಾಲ್ಕನೆಯ ಗುಂಪೇ ಕೂತಿರುವುದು.

ಇನ್ನು ಗಿಡದ ಕಡೆಯಿಂದ ನೋಡೋಣ. ನಡುಹಗಲ ಬಯಲಿನಲ್ಲಿ ಬೆಳಕು ಒಂದು ಲಕ್ಷ ಲಕ್ಸ್ ಮುಟ್ಟುತ್ತದೆ. ಆಫೀಸಿನ ಮೇಜಿನ ಮೇಲೆ ಮುನ್ನೂರರಿಂದ ಐನೂರು. ಲಿಫ್ಟಿನ ಪಕ್ಕದ ಮೂಲೆಯಲ್ಲಿ ಅದಕ್ಕಿಂತಲೂ ಕಡಿಮೆ. ನಮ್ಮ ಕಣ್ಣು ಮೋಸಗಾರ. ಪಾಪೆ ಹಿಗ್ಗಿಸಿಕೊಂಡು ‘ಬೆಳಕು ಚೆನ್ನಾಗಿದೆ’ ಎಂದು ವರದಿ ಕೊಡುತ್ತದೆ. ಎಲೆಗೆ ಪಾಪೆಯಿಲ್ಲ, ಅದು ಬಿದ್ದಷ್ಟನ್ನೇ ತಿನ್ನಬೇಕು. ಕುಂಡ ಇಡಬೇಕೆಂದಿರುವ ಜಾಗದಲ್ಲಿ ಹಗಲು ಹೊತ್ತು ದೀಪ ಆರಿಸಿ, ಒಂದು ಬಿಳಿ ಹಾಳೆಯ ಮೇಲೆ ಗೇಣುದ್ದ ಎತ್ತರದಲ್ಲಿ ಕೈ ಹಿಡಿಯಿರಿ. ಬೆರಳುಗಳ ನೆರಳು ಸ್ಪಷ್ಟವಾಗಿ ಮೂಡಿದರೆ ಬಹಳಷ್ಟು ಗಿಡ ಬದುಕುತ್ತವೆ. ಮಸುಕಾಗಿ ಮೂಡಿದರೆ ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್, ಅಗ್ಲೋನಿಮಾಗಳನ್ನು ಇಟ್ಟು ನೋಡಬಹುದು. ನೆರಳೇ ಬೀಳದಿದ್ದರೆ ಅಲ್ಲಿ ಗಿಡ ಇಡಬೇಡಿ. ಸಾಧ್ಯವಿದ್ದರೆ ಮನುಷ್ಯರನ್ನೂ ಕೂರಿಸಬೇಡಿ.

‘ಕಡಿಮೆ ಬೆಳಕಿನ ಗಿಡ’ ಎಂಬ ಚೀಟಿ ಅಂಟಿಸಿ ಮಾರುತ್ತಾರಲ್ಲ, ಅದರ ಅರ್ಥ ಅದಕ್ಕೆ ಕತ್ತಲೆ ಇಷ್ಟ ಎಂದಲ್ಲ. ಅದು ನಿಧಾನವಾಗಿ ಸಾಯುತ್ತದೆ ಎಂದು. ಝೆಡ್‌ಝೆಡ್ ಪ್ಲಾಂಟ್ ಆಫ್ರಿಕದ ಪೂರ್ವಭಾಗದ್ದು. ಮಣ್ಣೊಳಗೆ ಆಲೂಗಡ್ಡೆಯಂಥ ಗೆಡ್ಡೆಯಲ್ಲಿ ನೀರು, ಪಿಷ್ಟ ಕೂಡಿಟ್ಟುಕೊಳ್ಳುತ್ತದೆ. ಕತ್ತಲ ಕಾರಿಡಾರಿನಲ್ಲಿ ಅದು ತಿಂಗಳುಗಟ್ಟಲೆ ಹಸಿರಾಗಿ ಹೊಳೆಯುತ್ತ ನಿಂತಿರುವುದು ಆ ಉಳಿತಾಯದ ದುಡ್ಡಿನಲ್ಲಿ. ಸಂಬಳ ನಿಂತ ಮನೆಯವರು ಪಿ.ಎಫ್. ತೆಗೆದು ದಿನ ದೂಡುತ್ತ ಹೊರಗೆ ನಗುತ್ತ ಓಡಾಡುವಂತೆ. ಖಾತೆ ಖಾಲಿಯಾದ ದಿನ ಬುಡದಿಂದ ಹಳದಿಯಾಗುತ್ತದೆ, ಆಗ ನಾವು ‘ಯಾಕೋ ದಿಢೀರ್ ಹಾಳಾಯ್ತು’ ಎನ್ನುತ್ತೇವೆ.

ಈ ಗಿಡಗಳು ಎಲ್ಲಿಂದ ಬಂದವು ಎಂದು ತಿಳಿದರೆ ನಾವು ಅವಕ್ಕೆ ಏನು ಮಾಡುತ್ತಿದ್ದೇವೆ ಎಂಬುದೂ ತಿಳಿಯುತ್ತದೆ. ರಿಸೆಪ್ಷನ್ನಿನಲ್ಲಿ ನಿಂತಿರುವ ರಬ್ಬರ್ ಗಿಡ ಆಲದ ಬಂಧು. ಮೇಘಾಲಯದ ಖಾಸಿ, ಜಯಂತಿಯಾ ಜನ ಅದರ ಬೇರುಗಳನ್ನು ಹೊಳೆಯ ಆಚೆ ದಡಕ್ಕೆ ಎಳೆದು, ದಶಕಗಳ ಕಾಲ ಕಾದು, ನಡೆದಾಡುವ ಸೇತುವೆಗಳನ್ನು ಬೆಳೆಸಿದ್ದಾರೆ. ಅಂಥ ಬೇರನ್ನು ನಾವು ಹತ್ತಿಂಚಿನ ಕುಂಡದಲ್ಲಿ ಸುತ್ತಿಟ್ಟು ಗುಡ್ ಮಾರ್ನಿಂಗ್ ಹೇಳುತ್ತೇವೆ. ಮನಿ ಪ್ಲಾಂಟ್ ಪೆಸಿಫಿಕ್ ಸಾಗರದ ಮೊರೆಯಾ ದ್ವೀಪದ್ದು. ದೊಡ್ಡ ಮರ ಹತ್ತಲು ಬಿಟ್ಟರೆ ಅದರ ಎಲೆ ಊಟದ ತಟ್ಟೆಗಿಂತ ದೊಡ್ಡದಾಗುತ್ತದೆ, ನಮ್ಮಲ್ಲೂ ಹಳೇ ಬಂಗಲೆಗಳ ಮರಗಳ ಮೇಲೆ ನೋಡಿರುತ್ತೀರಿ. ಬಾಟಲಿಯಲ್ಲಿರುವುದು ದೊಡ್ಡದಾಗಲು ಬಿಡದ ಮಗು. ಲಕ್ಕಿ ಬ್ಯಾಂಬೂ ಬಿದಿರೇ ಅಲ್ಲ, ಮಧ್ಯ ಆಫ್ರಿಕದ ಡ್ರಸೀನಾ. ಇನ್ನು ಅರೆಕಾ ಪಾಮ್ ಮಡಗಾಸ್ಕರಿನದು, ಹೆಸರು ಮಾತ್ರ ನಮ್ಮದು. ಮಲಯಾಳಂನ ಅಡಯ್ಕ, ಅಂದರೆ ನಮ್ಮ ಅಡಿಕೆ, ಪೋರ್ಚುಗೀಸರ ಬಾಯಲ್ಲಿ ಅರೆಕ ಆಯಿತು. ತೀರ್ಥಹಳ್ಳಿಯಿಂದ ಬಂದ ಹುಡುಗ ಬೆಂಗಳೂರಿನ ಆಫೀಸಿನಲ್ಲಿ ‘ಅರೆಕಾ’ ಎಂಬ ಚೀಟಿ ಓದಿ, ಇದರಲ್ಲಿ ಕಾಯಿ ಬಿಡುವುದು ಯಾವಾಗ ಎಂದು ಕೇಳಿದರೆ ನಗಬೇಡಿ. ಅವನ ಪ್ರಶ್ನೆಯಲ್ಲಿ ಗಿಡಕ್ಕೊಂದು ಬದುಕಿದೆ ಎಂಬ ತಿಳಿವಳಿಕೆಯಿದೆ.

ಆಫೀಸಿನ ಗಿಡಗಳು ನೀರಿಲ್ಲದೆ ಸಾಯುವುದಕ್ಕಿಂತ ನೀರು ಹೆಚ್ಚಾಗಿ ಸಾಯುವುದೇ ಜಾಸ್ತಿ. ಬೇರಿಗೂ ಉಸಿರಾಡಲು ಗಾಳಿ ಬೇಕು. ಮಣ್ಣಿನ ಸಂದುಗಳೆಲ್ಲ ನೀರಾದರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯಲಾರದ್ದರಿಂದ ಎಲೆ ಬಾಡುತ್ತದೆ, ಬಾಡಿದ್ದು ನೋಡಿ ಮತ್ತಷ್ಟು ನೀರು ಹಾಕುತ್ತೇವೆ. ಇದಕ್ಕೆ ಕಳಶವಿಟ್ಟಂತೆ ಒಳಗಿನ ತೂತಿರುವ ಕಪ್ಪು ಕುಂಡವನ್ನು ತೂತಿಲ್ಲದ ಹೊಳೆಯುವ ಬಿಳಿ ಕುಂಡದೊಳಗೆ ಇಳಿಸಿರುತ್ತಾರೆ, ಕಾರ್ಪೆಟ್ ಒದ್ದೆಯಾಗಬಾರದಲ್ಲ. ಅದರ ತಳದಲ್ಲಿ ಮೂರು ಬೆರಳು ನೀರು ನಿಂತು ನಾರುತ್ತಿರುತ್ತದೆ. ಈಡೀಸ್ ಸೊಳ್ಳೆಗೆ ಇಷ್ಟು ಸಾಕು. ವಾರದಿಂದ ಹತ್ತು ದಿನದಲ್ಲಿ ಮೊಟ್ಟೆ ಸೊಳ್ಳೆಯಾಗುತ್ತದೆ. ಡೆಂಗಿಯನ್ನು ಸಾಂಕ್ರಾಮಿಕ ಎಂದು 2024ರಲ್ಲಿ ಘೋಷಿಸಿದ ರಾಜ್ಯದಲ್ಲಿ ನಾವು ಕೂತಿದ್ದೇವೆ.

ಬೆರಳಿನ ಎರಡು ಗೆಣ್ಣು ಮಣ್ಣಿಗೆ ಇಳಿಸಿ ನೋಡಿ. ಒಣಗಿದ್ದರೆ ನೀರು, ತಂಪಾಗಿದ್ದರೆ ಬೇಡ. ಸ್ನೇಕ್ ಪ್ಲಾಂಟಿಗೂ ಝೆಡ್‌ಝೆಡ್ಡಿಗೂ ಮಣ್ಣು ಪೂರ್ತಿ ಒಣಗಿದ ಮೇಲೆಯೇ. ಪೀಸ್ ಲಿಲಿ ಬಾಯಾರಿದರೆ ತಾನೇ ಎಲೆ ಜೋತುಬಿಟ್ಟು ಹೇಳುತ್ತದೆ. ನೀರು ಹಾಕುವಾಗ ಒಳಕುಂಡವನ್ನು ಹೊರತೆಗೆದು, ಕೆಳಗಿನಿಂದ ಹರಿದುಹೋಗುವಷ್ಟು ಹಾಕಿ, ಸೋರಲು ಬಿಟ್ಟು ಮತ್ತೆ ಇಡಿ. ಬೋರ್‌ವೆಲ್ ನೀರಾದರೆ ಮಣ್ಣಿನ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ, ಸ್ಪೈಡರ್ ಪ್ಲಾಂಟ್ ಮತ್ತು ಡ್ರಸೀನಾಗಳ ಎಲೆ ತುದಿ ಕಂದಾಗುತ್ತದೆ. ಮಳೆಗಾಲದಲ್ಲಿ ಒಂದೆರಡು ದಿನ ಹೊರಗೆ ನೆನೆಯಲು ಬಿಟ್ಟರೆ ಅರ್ಧ ರೋಗ ವಾಸಿ. ಎಲೆ ಮೇಲಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ. ಎಲೆಯ ಸಂದಿನಲ್ಲಿ ಹತ್ತಿಯಂಥದ್ದು ಕಂಡರೆ ಅದು ಹಿಟ್ಟು ತಿಗಣೆ. ಆ ಕುಂಡವನ್ನು ಮೊದಲು ದೂರ ಇಡಿ. ದಯವಿಟ್ಟು ಮಿಕ್ಕ ಕಾಫಿಯನ್ನು ಕುಂಡಕ್ಕೆ ಸುರಿಯಬೇಡಿ. ಹಾಲು, ಸಕ್ಕರೆ ಬಿದ್ದ ಮಣ್ಣು ಗೊಬ್ಬರವಾಗುವುದಿಲ್ಲ, ಬೂಷ್ಟು ಹಿಡಿದು ನುಸಿಯ ಮನೆಯಾಗುತ್ತದೆ.

ಇಷ್ಟೆಲ್ಲ ಗೊತ್ತಿರುವವರು ಕಚೇರಿಯಲ್ಲಿ ಒಬ್ಬರೇ. ಗುತ್ತಿಗೆ ಏಜೆನ್ಸಿಯಿಂದ ಬರುವ, ಸರ್ವಿಸ್ ಲಿಫ್ಟಿನಲ್ಲೇ ಓಡಾಡಬೇಕಾದ, ಕೊರಳಿನ ಐಡಿ ಕಾರ್ಡಿನ ಪಟ್ಟಿಯ ಬಣ್ಣವೂ ಬೇರೆಯಾಗಿರುವ ಹೆಂಗಸು. ನಮ್ಮ ಕಚೇರಿಗೆ ಬರುತ್ತಿದ್ದವರನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದೆವು. ಊರಲ್ಲಿ ಗುಲಾಬಿ ತೋಟದಲ್ಲಿ ಕೂಲಿ ಮಾಡಿದ್ದವರು. ಲಿಫ್ಟಿನ ಪಕ್ಕದ ಕತ್ತಲೆ ಮೂಲೆಯಲ್ಲಿ ನಾಲ್ಕು ತಿಂಗಳಲ್ಲಿ ಮೂರನೇ ಅರೆಕಾ ಬದಲಾದಾಗ ‘ಯಾಕಕ್ಕಾ ಇಲ್ಲಿ ಒಂದೂ ನಿಲ್ಲಲ್ಲ?’ ಎಂದು ಕೇಳಿದೆ.

‘ಬೆಳ್ಕೇ ಇಲ್ವಲ್ಲ ಮೇಡಂ. ಇಲ್ಲಿ ಯಾವ್ದೂ ಬರಲ್ಲ. ಆ ಕಿಟಕಿ ಹತ್ರ ಇಟ್ರೆ ಹೆಂಗ್ ಬರತ್ತೆ ನೋಡಿ.’

‘ಹೇಳಲಿಲ್ವಾ ಅವರಿಗೆ?’

‘ಹೇಳ್ದೆ. ಗಿಡ ಬದಲಾಯಿಸ್ತಾರೆ, ಜಾಗ ಬದಲಾಯಿಸಲ್ಲ.’

ಆ ನಾಲ್ಕು ಪದಗಳಲ್ಲಿ ಅವರು ನಮ್ಮ ಕಚೇರಿಗಳ ಆಡಳಿತಶಾಸ್ತ್ರವನ್ನೆಲ್ಲ ಹೇಳಿಬಿಟ್ಟರು. ಎರಡು ವರ್ಷದಲ್ಲಿ ಐದು ಜನ ಬಿಟ್ಟುಹೋದ ತಂಡಕ್ಕೂ ಆರನೆಯವರನ್ನು ತಂದು ಕೂರಿಸುತ್ತೇವೆ. ಜಾಗದಲ್ಲೇ ಏನೋ ದೋಷವಿದೆ ಎಂದು ಯಾರೂ ಬೆಳಕು ಅಳೆಯುವುದಿಲ್ಲ.

ಆ ಅಕ್ಕ ಅಷ್ಟು ನೀರು ಯಾಕೆ ಹಾಕುತ್ತಿದ್ದರು ಎಂಬುದಕ್ಕೂ ಕಾರಣ ಅವರದಲ್ಲ. ವಾರಕ್ಕೆ ಮೂರು ದಿನ, ಮಹಡಿಗೆ ಇಷ್ಟು ನಿಮಿಷ ಎಂದು ಏಜೆನ್ಸಿ ಲೆಕ್ಕ ಹಾಕಿತ್ತು. ಮಣ್ಣು ಮುಟ್ಟಿ ನೋಡಿ ‘ಇವತ್ತು ಬೇಡ’ ಎಂದು ಮುಂದೆ ಹೋದರೆ ಕೆಲಸ ಮಾಡಲಿಲ್ಲ ಎಂಬ ದೂರು ಬರುತ್ತಿತ್ತು. ನೀರು ಹಾಕಿದರೆ ಮಣ್ಣು ಕಪ್ಪಾಗಿ ಕಾಣುತ್ತದೆ, ಸೂಪರ್‌ವೈಸರಿಗೆ ಅದೇ ಹಾಜರಿ. ಗಿಡ ಯಾವುದಿರಬೇಕು, ಎಲ್ಲಿರಬೇಕು ಎಂದು ತೀರ್ಮಾನಿಸಿದವರು ಒಳಾಂಗಣ ವಿನ್ಯಾಸದ ಚಿತ್ರ ನೋಡಿ ಸಹಿ ಹಾಕಿದವರು. ಗಿಡ ಸತ್ತರೆ ಮಾತು ಕೇಳಬೇಕಾದವರು ಮಾತ್ರ ಅಕ್ಕ.

ಬಾಡಿಗೆ ಗಿಡಗಳ ವ್ಯವಸ್ಥೆಯನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಕೆಲವು ವಾರ ಒಳಗಿದ್ದ ಗಿಡವನ್ನು ನರ್ಸರಿಯ ನೆರಳುಪರದೆಯ ಕೆಳಗೆ ಒಯ್ದು ಚೇತರಿಸಿಕೊಳ್ಳಲು ಬಿಟ್ಟು ಸರದಿಯಲ್ಲಿ ತರುವುದು ಒಳ್ಳೆಯ ಪದ್ಧತಿಯೇ. ರಜೆ ಕೊಟ್ಟ ಹಾಗೆ. ಆದರೆ ನಾನು ಕಂಡದ್ದು ಅದಲ್ಲ. ಕುಂಡಕ್ಕಿಷ್ಟು ಎಂದು ತಿಂಗಳ ಬಾಡಿಗೆ, ಹಳದಿಯಾದದ್ದನ್ನು ಜನ ಬರುವ ಮುಂಚೆ ಬೆಳಿಗ್ಗೆ ಆರಕ್ಕೆ ಎತ್ತಿಕೊಂಡು ಹೋಗಿ ಅದೇ ಅಳತೆಯ ಹೊಸದನ್ನು ಇಡುವುದು. ಒಂಬತ್ತಕ್ಕೆ ಬಂದವರಿಗೆ ಎಲ್ಲವೂ ಸದಾ ಹಸಿರು. ಸಾವು ಕಣ್ಣಿಗೆ ಬೀಳದ ಕಡೆ ಯಾರೂ ಏನನ್ನೂ ಕಲಿಯುವುದಿಲ್ಲ. ಇದರ ಹೆಸರು ‘ಹಸಿರು ಕಚೇರಿ’.

ಲಾಲ್‌ಬಾಗಿನಲ್ಲಿ 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನಮನೆ ಗಿಡಗಳಿಗಾಗಿ ಕಟ್ಟಿದ್ದು. ಕಟ್ಟಿದವರಿಗೆ ಗಾಜಿನೊಳಗೆ ಜೀವ ಇಟ್ಟರೆ ಬೆಳಕೂ ಬೇಕು, ಗಾಳಿಯೂ ಆಡಬೇಕು ಎಂದು ಗೊತ್ತಿತ್ತು. ಅದೇ ಊರಿನಲ್ಲಿ ನಾವೀಗ ಮನುಷ್ಯರಿಗಾಗಿ ಗಾಜಿನಮನೆ ಕಟ್ಟುತ್ತಿದ್ದೇವೆ, ಬಿಸಿಲು ಬೀಳುತ್ತದೆಂದು ಗಾಜಿಗೆ ಕಪ್ಪು ಹಾಳೆ ಅಂಟಿಸಿ, ಪರದೆ ಇಳಿಸಿ, ಹಗಲಿಗೆ ಟ್ಯೂಬ್‌ಲೈಟ್ ಹಾಕಿ ಕೂರುತ್ತೇವೆ. ವರ್ಷದ ಹೆಚ್ಚಿನ ದಿನ ಕಿಟಕಿ ತೆರೆದರೆ ಸಾಕಾಗುವ ಹವೆ ಹೊರಗಿದೆ. ಬೆಂಗಳೂರಿನ ಹಳೇ ಸರ್ಕಾರಿ ಕಚೇರಿಗಳಲ್ಲಿ ಇನ್ನೂ ಎತ್ತರದ ಕಿಟಕಿಗಳಿವೆ. ಅಲ್ಲಿನ ಗುಮಾಸ್ತರು ಕಿಟಕಿಯ ಕಟ್ಟೆಯ ಮೇಲೆ ಹಾರ್ಲಿಕ್ಸ್ ಬಾಟಲಿಯಲ್ಲಿ ಇಟ್ಟ ಮನಿ ಪ್ಲಾಂಟು ಕಡತಗಳ ಬೀರು ಹತ್ತಿ, ಗಡಿಯಾರ ಸುತ್ತಿ ಹೋಗಿರುತ್ತದೆ. ಅದಕ್ಕೆ ಬಾಡಿಗೆಯಿಲ್ಲ, ಕಾರ್ಡಿಲ್ಲ. ಬೆಳಕಿದೆ, ಗಾಳಿಯಿದೆ, ಊಟದ ಡಬ್ಬಿ ತೊಳೆದು ಬರುವಾಗ ಬಾಟಲಿಯ ನೀರು ಬದಲಾಯಿಸುವ ಒಬ್ಬರಿದ್ದಾರೆ. ಗಿಡಕ್ಕೆ ಬೇಕಾದದ್ದು ಇಷ್ಟೇ.

ಹೊರಗಿನ ಮರದ ಮಾತನ್ನೂ ಹೇಳದಿದ್ದರೆ ಲೆಕ್ಕ ಪೂರ್ತಿಯಾಗುವುದಿಲ್ಲ. 1976ರಿಂದ ಕರ್ನಾಟಕದಲ್ಲಿ ಮರ ಸಂರಕ್ಷಣಾ ಕಾಯ್ದೆ ಇದೆ, ಮರ ಕಡಿಯಲು ಅನುಮತಿ ಬೇಕು. ಅನುಮತಿ ಕೇಳುವವರಿಗೆ ಸಿಗುವ ಕಾರಣಗಳಿಗೆ ಕೊರತೆಯಿಲ್ಲ: ಬೇಸ್‌ಮೆಂಟ್ ಪಾರ್ಕಿಂಗ್, ರಸ್ತೆ ಅಗಲ, ನಾಮಫಲಕಕ್ಕೆ ಅಡ್ಡ. ಗೇಟಿನ ಬಳಿಯ ಹೊಂಗೆಮರ ನೆರಳು ಕೊಡುತ್ತಿತ್ತು, ಕೆಳಗೆ ಟೀ ಗಾಡಿಯವನಿದ್ದ, ಊಟವಾದ ಮೇಲೆ ಹತ್ತು ನಿಮಿಷ ನಿಂತು ಮಾತಾಡುವ ಜಾಗವಾಗಿತ್ತು. ಅದನ್ನು ಕಡಿದು ಒಳಗೆ ಇನ್ನೂರು ಕುಂಡ ಇಟ್ಟರೆ ಆ ಕಟ್ಟಡ ಹಸಿರಾಗುವುದಿಲ್ಲ. ಗಿಡಗಳ ಬಗ್ಗೆ ನಿಜವಾದ ಕಾಳಜಿಯಿರುವ ಕಂಪನಿ ಮೊದಲು ಗೇಟಿನ ಹೊಂಗೆಯನ್ನು ಉಳಿಸಲಿ, ಅದರ ಬುಡಕ್ಕೆ ಸುರಿದ ಕಾಂಕ್ರೀಟನ್ನು ಒಂದು ಮೀಟರ್ ಬಿಡಿಸಲಿ.

ಹಾಗಾದರೆ ಆಫೀಸಿನಲ್ಲಿ ಗಿಡ ಬೇಡವೇ? ಬೇಕು, ಕಡಿಮೆ ಬೇಕು. ಇನ್ನೂರರ ಬದಲು ಇಪ್ಪತ್ತು, ಬೆಳಕಿರುವ ಕಡೆ ಮಾತ್ರ. ಯಾವ ಗಿಡ ಎಲ್ಲಿ ಎಂಬುದನ್ನು ಅದಕ್ಕೆ ನೀರು ಹಾಕುವವರನ್ನು ಕೇಳಿ ನಿರ್ಧರಿಸಬೇಕು. ‘ಇಲ್ಲಿ ಬರಲ್ಲ’ ಎಂದು ಹೇಳುವ ಅಧಿಕಾರವೂ, ಮಣ್ಣು ಮುಟ್ಟಿ ನೋಡುವಷ್ಟು ಸಮಯವೂ, ಆ ತಿಳಿವಳಿಕೆಗೆ ತಕ್ಕ ಸಂಬಳವೂ ಅವರಿಗಿರಬೇಕು. ತಮ್ಮ ಮೇಜಿನ ಗಿಡವನ್ನು ಆರಿಸುವ, ಸರಿಸುವ ಸ್ವಾತಂತ್ರ್ಯ ನೌಕರರಿಗಿರಬೇಕು. ರಜೆಗೆ ಹೋಗುವಾಗ ‘ಸ್ವಲ್ಪ ನೋಡಿಕೊಳ್ರೀ’ ಎಂದು ಪಕ್ಕದವರಿಗೆ ಒಪ್ಪಿಸುವುದರಲ್ಲಿ ಯಾವ ತಂಡಕಟ್ಟುವ ಕಾರ್ಯಾಗಾರವೂ ಕೊಡದ ಒಂದು ನಂಟಿದೆ. ಗಿಡ ಸತ್ತರೆ ಆರು ಗಂಟೆಗೆ ಕದ್ದು ಸಾಗಿಸಬೇಡಿ. ಎಲ್ಲರೂ ನೋಡಲಿ, ಯಾಕೆ ಸತ್ತಿತು ಎಂದು ಕೇಳಲಿ.

ಗಾಳಿಯ ಪ್ರಶ್ನೆಯನ್ನು ಗಿಡದ ಪ್ರಶ್ನೆಯಿಂದ ಬಿಡಿಸಿ ಬೇರೆಯಾಗಿಯೇ ಕೇಳಬೇಕು. ಇಂಗಾಲದ ಡೈಆಕ್ಸೈಡ್ ಅಳೆಯುವ ಪುಟ್ಟ ಯಂತ್ರ ಈಗ ಮಾರುಕಟ್ಟೆಯಲ್ಲಿ ಸಿಗುತ್ತದೆ. ಹೊರಗಿನ ಗಾಳಿಯಲ್ಲಿ ಹತ್ತು ಲಕ್ಷಕ್ಕೆ ಸುಮಾರು 420 ಭಾಗ ಇರುತ್ತದೆ. ಮೀಟಿಂಗ್ ರೂಮಿನಲ್ಲಿ ಅದು ಸಾವಿರ ದಾಟಿ ಏರುತ್ತಲೇ ಇದ್ದರೆ ಅಷ್ಟು ಜನರಿಗೆ ಹೊರಗಿನ ಗಾಳಿ ಸಾಲುತ್ತಿಲ್ಲ ಎಂದರ್ಥ. ಆ ಅಂಕಿಯನ್ನು ಬಾಗಿಲಿಗೆ ಅಂಟಿಸಿ, ಆಮೇಲೆ ಮಾತಾಡೋಣ. ಅದಕ್ಕೆ ಉತ್ತರ ಕೊಡಬೇಕಾದವರು ಕಟ್ಟಡದ ಮಾಲೀಕರು, ಅಡ್ಮಿನ್ ವಿಭಾಗದವರು. ಪೀಸ್ ಲಿಲಿಯನ್ನು ಜಾಮೀನಿಗೆ ನಿಲ್ಲಿಸಬಾರದು.

ಗಾಳಿ ಬಿಡಿ, ಬೆಳಕು ಬಿಡಿ, ನಿಲ್ಲಲು ಒಂದು ತಕ್ಕ ಜಾಗ ಕೊಡಿ ಎಂದು ಗಿಡ ಬಾಯಿಬಿಟ್ಟು ಕೇಳಲಾರದು, ಎಲೆ ಉದುರಿಸುತ್ತದೆ. ನಮಗೆ ಬಾಯಿದೆ. ನಮ್ಮ ಪಾಲಿನದನ್ನು ಕೇಳುವಾಗ ಅದರ ಪಾಲಿನದನ್ನೂ, ಅದಕ್ಕೆ ನೀರು ಹಾಕುವವರ ಪಾಲಿನದನ್ನೂ ಸೇರಿಸಿ ಕೇಳೋಣ. ಮೂರೂ ಒಂದೇ ಅರ್ಜಿ.